ಲಮ್ಯಾಯ್ ಬಾಯಿ ಮುಚ್ಚಿ ಕೂತ ವರ್ಷ

ಬಲೂನಿಗೆ ಎಷ್ಟು ಗಾಳಿ ತುಂಬಿದರೆ ಮನುಷ್ಯ ಮತ್ತೆ ಮತ್ತೆ ಆಟಕ್ಕೆ ಬರುತ್ತಾನೆ ಎಂಬುದು ಲಮ್ಯಾಯ್‌ಗೆ ಚೆನ್ನಾಗಿ ಗೊತ್ತಿತ್ತು. ಖೋನ್‌ಕೇನ್ ಊರಿನ ಸಂಜೆ ಸಂತೆಯಲ್ಲಿ ಹದಿನೇಳು ವರ್ಷ ಅವಳದು ಬಾಣ ಎಸೆಯುವ ಅಂಗಡಿ. ಹಲಗೆಯ ಮೇಲೆ ಐವತ್ತು ಬಲೂನು, ಮುಂದಿನ ಕಟ್ಟೆಯ ಮೇಲೆ ಚೂಪು ಮೂತಿಯ ಪುಟ್ಟ ಬಾಣಗಳು, ತಲೆಯ ಮೇಲೆ ಸಾಲಾಗಿ ತೂಗುಬಿಟ್ಟ ಹತ್ತಿಯ ಕರಡಿ, ಆನೆ, ಕಪ್ಪೆ. ಗಟ್ಟಿಯಾಗಿ ಊದಿದ ಬಲೂನು ಮೊನೆ ತಾಗಿದರೆ ಸಾಕು, ಠಪ್ ಎನ್ನುತ್ತದೆ. ಸಡಿಲ ಬಿಟ್ಟದ್ದು ಬಾಣವನ್ನು ಮೆತ್ತಗೆ ತಳ್ಳಿ ನೆಲಕ್ಕೆ ಬೀಳಿಸುತ್ತದೆ. ಎಲ್ಲವನ್ನೂ ಗಟ್ಟಿ ಊದಿಟ್ಟರೆ ಜನ ಒಮ್ಮೆ ಗೆದ್ದು ನಡೆದುಬಿಡುತ್ತಾರೆ. ಎಲ್ಲವನ್ನೂ ಸಡಿಲ ಬಿಟ್ಟರೆ ಬೈದುಕೊಂಡು ಹೋಗುತ್ತಾರೆ. ಹೊಸಬರ ಕಣ್ಣು ಮೊದಲು ಹೋಗುವುದು ನಡುವಿನ ಸಾಲಿಗೆ. ಅಲ್ಲಿ ಎರಡು ಗಟ್ಟಿ, ಒಂದು ಸಡಿಲ, ಮತ್ತೆ ಒಂದು ಗಟ್ಟಿ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಸಾವಿರಾರು ಮುಖ ನೋಡಿ ನೋಡಿ ಕೈಗೆ ಬಂದದ್ದು.

ಬಲೂನಿನಷ್ಟೇ ಮುಖ್ಯವಾದದ್ದು ಅವಳ ಗಂಟಲು. ಒಂದು ಬಲೂನು ಒಡೆದರೆ ಸಾಕು, ಮೂರು ಅಂಗಡಿಯಾಚೆ ಕೇಳುವ ಹಾಗೆ ಕೂಗುತ್ತಿದ್ದಳು: "ಅಯ್ಯಯ್ಯಪ್ಪಾ! ಇದು ಕಣ್ಣೋ, ಹದ್ದಿನ ಕಣ್ಣೋ! ನೋಡ್ರಪ್ಪಾ ಇವನನ್ನ, ಪಟ್ಟಣದ ಹುಡ್ಗೀರೆಲ್ಲ ಜೋಪಾನ!" ಹುಡುಗ ನಾಚಿ ಕೆಂಪಾಗಿ ಇನ್ನೊಂದು ಬಾಣ ಕೈಗೆತ್ತಿಕೊಳ್ಳುತ್ತಿದ್ದ.

ಆದರೆ ಕೆಲವರ ಮೇಲೆ ಅವಳ ಕೂಗೂ ಬಲೂನೂ ಎರಡೂ ನಾಟುತ್ತಿರಲಿಲ್ಲ. ಹದಿನಾಲ್ಕು, ಹದಿನೈದರ ಮಕ್ಕಳು. ಗೆಳೆಯರ ಜೊತೆ ಬಂದು, ಒತ್ತಾಯಕ್ಕೆ ಬಾಣ ಎಸೆದು, ದೊಡ್ಡ ಕರಡಿಯನ್ನೇ ಗೆದ್ದು, ಅದನ್ನು ಕಟ್ಟೆಯ ಮೇಲೇ ಬಿಟ್ಟು ಹೋಗುವವರು. ಲಮ್ಯಾಯ್ ಕರಡಿ ಎತ್ತಿಕೊಂಡು ಹಿಂದೆ ಓಡಿ ಕೊಟ್ಟರೆ, "ಹ್ಞಾಂ" ಎಂದು ತೆಗೆದುಕೊಳ್ಳುವವರು. ಪಕ್ಕದಲ್ಲಿ ಹುಳಿ ಸಾಸೇಜು ಸುಡುತ್ತಿದ್ದ ಬುನ್ಮಾ ಎಂಬಾಕೆಗೆ ಅವಳು ಹೇಳುತ್ತಿದ್ದಳು: "ಇವಕ್ಕೆಲ್ಲ ಹೊಟ್ಟೆ ತುಂಬಿ ಕೊಬ್ಬು ಕಣೇ. ನಮ್ಮ ಕೇವ್ ಇಲ್ವಾ, ಅದೇ ಜಾತಿ."

ಕೇವ್ ಅವಳ ಒಬ್ಬಳೇ ಮಗಳು. ಹುಡುಗಿಗೆ ಹತ್ತು ತುಂಬುವ ಮೊದಲೇ ಅಪ್ಪ ತೀರಿಕೊಂಡಿದ್ದ. ಹದಿನಾರರ ಹೊತ್ತಿಗೆ ಕೇವ್ ಶಾಲೆ ಬಿಟ್ಟು, ಚಾಪೆ ಬಿಟ್ಟೇಳದೆ, ತಲೆ ಬಾಚದೆ ಒಂದೂವರೆ ವರ್ಷ ಮಲಗಿದ್ದಳು. ಆ ಒಂದೂವರೆ ವರ್ಷ ಲಮ್ಯಾಯ್ ಅವಳನ್ನು ಕರೆದದ್ದು ಒಂದೇ ಹೆಸರಿನಿಂದ: ಸೋಮಾರಿ. ಆಮೇಲೆ ಹುಡುಗಿ ಹೇಗೋ ಎದ್ದು ಕೂತಳು, ತಾಂತ್ರಿಕ ಶಾಲೆಗೆ ಸೇರಿದಳು, ಮದುವೆಯಾಗಿ ಬಾನ್ ಫಾಯ್‌ಗೆ ಹೋದಳು. ತಾನು ಬೈದದ್ದರಿಂದಲೇ ಎದ್ದಳು ಎಂದು ಲಮ್ಯಾಯ್ ನಂಬಿಕೊಂಡಿದ್ದಳು.

ಐವತ್ತೆರಡನೇ ವಯಸ್ಸಿನಲ್ಲಿ ಅವಳ ಅಂಗಡಿ ಹೋಯಿತು. ಸಂತೆಯ ಜಾಗದಲ್ಲಿ ಕಟ್ಟಡ ಏಳುವುದಿತ್ತು. ಮಳೆಗಾಲ ಮುಗಿಯುವುದರೊಳಗೆ ಎಲ್ಲರೂ ತೆರವು ಮಾಡಬೇಕೆಂದು ಚೀಟಿ ಬಂತು. ಕೊನೆಯ ವಾರ ಸಾದಾ ಅಂಗಿಯ, ಕನ್ನಡಕದ ಹೆಂಗಸೊಬ್ಬಳು ಅಕ್ಕನ ಮಕ್ಕಳನ್ನು ಕರೆದುಕೊಂಡು ಬಂದಳು. ಮಕ್ಕಳು ಬಾಣ ಎಸೆದರು. ಆಕೆ ಎಸೆಯಲಿಲ್ಲ, ಅರ್ಧ ಗಂಟೆ ನಿಂತು ಲಮ್ಯಾಯ್‌ಳನ್ನೇ ನೋಡಿದಳು. ಮುಖ ಗಂಟು ಹಾಕಿಕೊಂಡು ನಿಂತಿದ್ದ ಎತ್ತರದ ಹುಡುಗನೊಬ್ಬನನ್ನು ಲಮ್ಯಾಯ್ ಎರಡೇ ಮಾತಿನಲ್ಲಿ ಕಟ್ಟೆಯ ಹತ್ತಿರ ತಂದು ನಿಲ್ಲಿಸಿದ್ದನ್ನು ಕಂಡು ಹತ್ತಿರ ಬಂದಳು.

"ದೊಡ್ಡಮ್ಮ, ಈ ಅಂಗಡಿ ಹೋದ್ಮೇಲೆ ಏನ್ ಮಾಡ್ತೀರಿ?"

"ಏನ್ ಮಾಡ್ಲಿ? ಮಗಳ ಮನೆಗೆ ಹೋಗಿ ಅಳಿಯನ್ನ ಗೋಳಾಡಿಸ್ತೀನಿ."

"ನಮ್ಮಲ್ಲಿಗೆ ಬನ್ನಿ. ನಮ್ಮಲ್ಲೂ ಮಕ್ಕಳು ಒಂದು ಆಟ ಆಡ್ತಾರೆ. ಹತ್ತು ಜನ ಬಂದ್ರೆ ನಾಲ್ಕು ಜನ ಅರ್ಧಕ್ಕೇ ಎದ್ದು ಹೋಗ್ತಾರೆ. ಅವರನ್ನ ಕೂರಿಸೋರು ಬೇಕು."

ಆಕೆ ಡಾಕ್ಟರ್ ಆರಯಾ. ಕೆರೆಯಾಚೆ ಹೊಸದಾಗಿ ತೆರೆದಿದ್ದ ಮಕ್ಕಳ ಮನೋವೈದ್ಯ ಕೇಂದ್ರದಲ್ಲಿ ಖಿನ್ನತೆಗೆ ಬಿದ್ದ ಹದಿಹರೆಯದ ಮಕ್ಕಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು.

ಆಟ ಸರಳವಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಎರಡು ಚಿತ್ರ: ಒಂದು ಕೊಡೆ, ಒಂದು ಕೆಟಲ್. ಮಗು ಒಂದನ್ನು ಒತ್ತಬೇಕು. ಒತ್ತಿದರೆ ನಕ್ಷತ್ರ ಬರುತ್ತದೆ, ಇಲ್ಲವೇ ಖಾಲಿ ವೃತ್ತ ಬರುತ್ತದೆ. ಒಂದು ಚಿತ್ರ ಹತ್ತರಲ್ಲಿ ಎಂಟು ಸಲ ನಕ್ಷತ್ರ ಕೊಡುತ್ತದೆ, ಇನ್ನೊಂದು ಎರಡೇ ಸಲ. ಯಾವುದು ಎಷ್ಟು ಎಂದು ಯಾರೂ ಹೇಳುವುದಿಲ್ಲ. ಆಡುತ್ತಾ ಆಡುತ್ತಾ ಮಗುವೇ ಕಲಿಯಬೇಕು. ಹೀಗೆ ಇನ್ನೂರನಲವತ್ತು ಸಲ. ಅಷ್ಟು ಹೊತ್ತೂ ಮಗುವಿನ ತಲೆಗೆ ತಂತಿಗಳ ಟೋಪಿ. ಪ್ರತಿ ತಂತಿಯ ಬುಡಕ್ಕೆ ಅಂಟಂಟು ಲೇಪ. ಒಳಗೆ ಮೆದುಳು ಮಿಡಿದದ್ದು ಪಕ್ಕದ ಕೋಣೆಯಲ್ಲಿ ಅಲೆಯಾಗಿ ಮೂಡುತ್ತಿತ್ತು.

ಟೋಪಿ ತೊಡಿಸುವುದು, ಮಗುವನ್ನು ಕೂರಿಸುವುದು, ಆಟ ಮುಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ತಲೆ ತೊಳೆದು ಆ ಲೇಪ ತೆಗೆಯುವುದು, ಇವು ಲಮ್ಯಾಯ್‌ಳ ಕೆಲಸ. ಬಂದ ವಾರದಿಂದಲೇ ಮಕ್ಕಳು ಎದ್ದು ಹೋಗುವುದು ನಿಂತಿತು. ಎರಡು ತಿಂಗಳಲ್ಲಿ ಇಪ್ಪತ್ತಾರು ಮಕ್ಕಳು ಇನ್ನೂರನಲವತ್ತು ಸಲವೂ ಒತ್ತಿ ಎದ್ದರು. ಲಮ್ಯಾಯ್ ಹಿಗ್ಗಿದಳು.

ಒಂದು ಬೆಳಿಗ್ಗೆ ಡಾಕ್ಟರ್ ಆರಯಾ ಅವಳ ಕೋಣೆಯ ಬಟ್ಟೆ ಪರದೆಯ ಹಿಂದೆ ಬಂದು ಕುಳಿತಳು. ಆಟ ಶುರುವಾಯಿತು. ಹುಡುಗ ಕೆಟಲ್ ಒತ್ತಿದ, ನಕ್ಷತ್ರ ಬಂತು.

"ಓಹೋಹೋ! ಭಲೇ ನನ್ನ ರಾಜ!" ಎಂದಳು ಲಮ್ಯಾಯ್.

ಹುಡುಗ ಹೋದ ಮೇಲೆ ಡಾಕ್ಟರ್ ಅವಳನ್ನು ಕೂರಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

"ದೊಡ್ಡಮ್ಮ, ಪ್ರತಿ ಸಲಾನೂ ಹೀಗೇ ಕೂಗ್ತೀರಾ?"

"ಪ್ರತಿ ನಕ್ಷತ್ರಕ್ಕೂ. ಒಂದೂ ಬಿಟ್ಟಿಲ್ಲ."

"ಅಯ್ಯೋ ದೇವ್ರೇ." ಡಾಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ನಿಮ್ಮ ಕೋಣೇಲಿ ಖಿನ್ನತೆ ಇರೋ ಮಕ್ಕಳ ಅಲೆ, ಹೋಲಿಸೋಕೆ ಕರೆಸಿದ ಖಿನ್ನತೆ ಇಲ್ಲದಿರೋ ಮಕ್ಕಳ ಅಲೆ ಎರಡೂ ಒಂದೇ ಥರ ಬರ್ತಿತ್ತು. ಯಂತ್ರ ಕೆಟ್ಟಿದೆ ಅಂದ್ಕೊಂಡು ಎರಡು ಸಲ ಬಿಚ್ಚಿಸ್ದೆ. ನಕ್ಷತ್ರ ಬಂದಾಗ ಆ ಮೆದುಳು ಏನ್ ಹೇಳುತ್ತೆ ಅಂತ ನಾವು ನೋಡ್ಬೇಕಾಗಿರೋದು. ಈಗ ಅದು ನಕ್ಷತ್ರಕ್ಕೆ ಮಿಡಿದಿದ್ದೋ ನಿಮ್ಮ ಕೂಗಿಗೆ ಬೆಚ್ಚಿದ್ದೋ ಯಾರಿಗ್ ಗೊತ್ತು?"

"ಕೂಗಿದ್ರೆ ಮಕ್ಕಳು ಚೆನ್ನಾಗಿ ಆಡ್ತಾರಲ್ಲ ಡಾಕ್ಟ್ರೇ?"

"ಆಡ್ತಾರೆ. ಅದೇ ತೊಂದ್ರೆ. ನೋವು ಎಲ್ಲಿದೆ ಅಂತ ಹುಡುಕೋಕ್ ಹೊರಟಿದ್ದೀವಿ ನಾವು. ನೀವು ಅದ್ರ ಮೇಲೆ ಕಂಬಳಿ ಹೊದಿಸ್ತಿದ್ದೀರಿ."

ಇಪ್ಪತ್ತಾರು ಮಕ್ಕಳ ಫಲಿತಾಂಶವನ್ನೂ ಬಿಟ್ಟುಬಿಡಬೇಕಾಯಿತು. ಲಮ್ಯಾಯ್ ಆ ದಿನ ಊಟ ಮಾಡಲಿಲ್ಲ. ಅಂಟಕ್ಕಿ ಅನ್ನದ ಬುಟ್ಟಿಯನ್ನು ಹಾಗೇ ಕಟ್ಟಿಟ್ಟು, ಸಂಜೆ ಡಾಕ್ಟರ ಬಾಗಿಲಲ್ಲಿ ನಿಂತು, ನಾಳೆಯಿಂದ ಬರುವುದಿಲ್ಲ ಎಂದಳು.

"ಎಲ್ಲಿಗ್ ಹೋಗ್ತೀರಿ? ಅಳಿಯನ್ನ ಗೋಳಾಡಿಸೋಕಾ?" ಡಾಕ್ಟರ್ ತಲೆ ಎತ್ತದೆ ಕೇಳಿದಳು. "ನಿಮ್ಮ ಕೋಣೆಯಿಂದ ಎದ್ದು ಹೋದ ಮಗು ಒಂದೂ ಇಲ್ಲ. ಬಾಯಿ ಒಂದು ಮುಚ್ಚೋದ್ ಕಲೀರಿ, ಸಾಕು. ಇಪ್ಪತ್ತಾರು ಮಕ್ಕಳನ್ನ ಮತ್ತೆ ಹುಡುಕೋಣ."

ಬಾಯಿ ಮುಚ್ಚುವುದೆಂದರೆ ಅವಳಿಗೆ ಸುಲಭದ ಮಾತೇ? ಮೊದಮೊದಲು ನಕ್ಷತ್ರ ಬಂದಾಗಲೆಲ್ಲ ಗಂಟಲಿನಿಂದ ಕೋಳಿ ಕೆಮ್ಮಿದಂಥ ಸದ್ದು ಬರುತ್ತಿತ್ತು. ಕಡೆಗೆ ಅವಳೇ ಉಪಾಯ ಕಂಡುಕೊಂಡಳು: ಆಟ ಶುರುವಾಗುವ ಮೊದಲು ದೊಡ್ಡದೊಂದು ಹುಣಸೆಯ ಉಂಡೆಯನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವುದು. ಉಂಡೆ ಕರಗುವವರೆಗೂ ನಾಲಿಗೆಗೆ ಪುರುಸೊತ್ತಿಲ್ಲ. ಮಾತೆಲ್ಲ ಮುಂಚಿನ ಹತ್ತು ನಿಮಿಷಕ್ಕೆ, ಆಮೇಲಿನ ತಲೆ ತೊಳೆಯುವ ಹೊತ್ತಿಗೆ.

ಹೀಗೆ ಬಾಯಿ ಮುಚ್ಚಿ ಕೂತಾಗ ಅವಳಿಗೆ ಕಣ್ಣು ತೆರೆಯಿತು ಎನ್ನಬೇಕು. ಹದಿನೇಳು ವರ್ಷ ಅವಳು ಮುಖ ನೋಡಿದ್ದು ಇನ್ನೊಂದು ಬಾಣ ಕೈಗಿಡುವುದಕ್ಕಾಗಿ. ಈಗ ಸುಮ್ಮನೆ ನೋಡುವುದಷ್ಟೇ ಕೆಲಸ. ಗೆದ್ದಾಗ ಒಂದು ಮಗುವಿನ ಹೆಬ್ಬೆರಳು ಹೇಗೆ ಕುಣಿಯುತ್ತದೆ, ಇನ್ನೊಂದರದ್ದು ಹೇಗೆ ಕಲ್ಲಾಗಿ ಕೂರುತ್ತದೆ, ಎಲ್ಲವೂ ಕಾಣತೊಡಗಿತು.

ಬಿಸಿಲು ಏರುತ್ತಿದ್ದ ಮಾರ್ಚ್ ತಿಂಗಳಲ್ಲಿ ಮುಕ್ದಾ ಬಂದಳು. ಹದಿನೈದು ವರ್ಷ. ಮಂಚಾ ಖಿರಿ ಕಡೆಯ ಹಳ್ಳಿಯಿಂದ ಅಜ್ಜಿ ಕರೆದುಕೊಂಡು ಬಂದಿದ್ದಳು. ಹುಡುಗಿಯ ಎರಡೂ ಮಣಿಕಟ್ಟಿನಲ್ಲಿ ಮಾಸಿದ ಬಿಳಿ ದಾರಗಳ ಕಂತೆ.

"ಇದ್ರ ಜೀವ ಎಲ್ಲೋ ಹೆದ್ರಿ ಓಡ್ಹೋಗಿದೆ ಕಣಮ್ಮಾ," ಎಂದಳು ಅಜ್ಜಿ. "ಮೂರು ಸಲ ಹಿರೀಕರನ್ನ ಕೂರಿಸಿ, ಹೂವಿನ ಗೋಪುರ ಕಟ್ಟಿ, ಬಾ ಬಾ ಅಂತ ಕರೆದ್ವಿ. ದಾರ ಕಟ್ಟಿದ್ವಿ. ಊರೋರೆಲ್ಲ ಬಂದಿದ್ರು. ಜೀವ ಮಾತ್ರ ಬರ್ಲಿಲ್ಲ. ಈ ದಾರ ಬಿಚ್ಚಬೇಕಾ ನಿಮ್ಮ ಯಂತ್ರಕ್ಕೆ?"

"ಬೇಡಮ್ಮಾ, ಹಾಗೇ ಇರ್ಲಿ. ದಾರಕ್ಕೂ ಯಂತ್ರಕ್ಕೂ ಜಗಳ ಇಲ್ಲ," ಎಂದು ಲಮ್ಯಾಯ್ ಹುಡುಗಿಯನ್ನು ಒಳಗೆ ಕರೆದೊಯ್ದಳು.

ಮುಕ್ದಾ ಹೇಳಿದಂತೆ ಕೂತಳು, ಹೇಳಿದಂತೆ ಒತ್ತಿದಳು. ಕೆಟಲ್, ನಕ್ಷತ್ರ. ಕೆಟಲ್, ನಕ್ಷತ್ರ. ಕೆಟಲ್, ನಕ್ಷತ್ರ. ಮುಖದಲ್ಲಿ ಏನೂ ಇಲ್ಲ. ನಾಲ್ಕನೇ ಸಲ ಖಾಲಿ ವೃತ್ತ ಬಂತು. ಹುಡುಗಿ ಚಿಕ್ಕದಾಗಿ ತಲೆಯಾಡಿಸಿದಳು, ಇದು ಗೊತ್ತಿದ್ದದ್ದೇ ಎನ್ನುವ ಹಾಗೆ. ಅಲ್ಲಿಂದ ಕೊಡೆಗೆ ಹೋದಳು. ಕೊಡೆ ಖಾಲಿ, ಖಾಲಿ, ಖಾಲಿ. ಅಲ್ಲೇ ಉಳಿದಳು. ಪ್ರತಿ ಖಾಲಿಗೂ ಅದೇ ಸಣ್ಣ ತಲೆಯಾಟ. ಅಪ್ಪಿತಪ್ಪಿ ಕೆಟಲ್‌ಗೆ ಮರಳಿದರೆ ಮತ್ತೆ ನಕ್ಷತ್ರ, ಮತ್ತೆ ಒಂದು ಖಾಲಿ ಬಂದೊಡನೆ ಕೈಬಿಡುವುದು. ಲಮ್ಯಾಯ್‌ಳ ಬಾಯಲ್ಲಿ ಉಂಡೆ ಕರಗಿಹೋಗಿ ಎಷ್ಟೋ ಹೊತ್ತಾಗಿತ್ತು. ಆದರೂ ಅವಳಿಗೆ ಮಾತು ಬರಲಿಲ್ಲ. ಆ ತಲೆಯಾಟವನ್ನು ಅವಳು ಮೊದಲೇ ಕಂಡಿದ್ದಳು.

ಆಟ ಮುಗಿಯಿತು. ಬೇಸಿನ್ನಿನ ಮುಂದೆ ಹುಡುಗಿಯನ್ನು ಒರಗಿಸಿ ನೀರು ಹದ ಮಾಡಿ ತಲೆ ತೊಳೆಯುತ್ತಾ ಮೆಲ್ಲಗೆ ಕೇಳಿದಳು: "ನಕ್ಷತ್ರ ಜಾಸ್ತಿ ಕೊಡೋದು ಯಾವ್ದು ಅಂತ ಗೊತ್ತಾಯ್ತಾ ಮಗಾ?"

"ಕೆಟಲ್."

"ಗೊತ್ತಿತ್ತಾ! ಮತ್ತೆ ಅದನ್ ಯಾಕ್ ಬಿಟ್ಬಿಡ್ತಿದ್ದೆ?"

ಮುಕ್ದಾ ಕಣ್ಣು ಮುಚ್ಚಿಕೊಂಡೇ ಇದ್ದಳು. "ಬಂದಿದ್ದು ಸುಮ್ನೆ ಬಂದಿದ್ದು, ದೊಡ್ಡಮ್ಮ. ನಾನ್ ಏನೋ ಮಾಡ್ದೆ ಅಂತ ಅಲ್ಲ. ಬರ್ದೇ ಇದ್ದಾಗ್ಲೇ ಅದು ನನ್ನಿಂದ."

ಲಮ್ಯಾಯ್ ಕೂದಲಿನ ಬುಡದಲ್ಲಿ ಅಂಟಿದ್ದ ಲೇಪವನ್ನು ಬೆರಳ ತುದಿಯಿಂದ ಒಂದೊಂದಾಗಿ ಬಿಡಿಸಿದಳು. ಎಂದಿಗಿಂತ ಹೆಚ್ಚು ಹೊತ್ತು ತೊಳೆದಳು.

ಮಧ್ಯಾಹ್ನ ಡಾಕ್ಟರ ಜೊತೆ ಊಟಕ್ಕೆ ಕೂತಾಗ ಅವಳು ಮೊದಲ ಬಾರಿಗೆ ಕೇಳಿದಳು: "ಆ ಅಲೆ ಇದೆಯಲ್ಲ ಡಾಕ್ಟ್ರೇ, ಅದು ಏನ್ ಹೇಳುತ್ತೆ?"

ಡಾಕ್ಟರ್ ಆರಯಾ ಅಂಟಕ್ಕಿಯನ್ನು ಬೆರಳಲ್ಲಿ ಉಂಡೆ ಮಾಡುತ್ತಾ ಸ್ವಲ್ಪ ಯೋಚಿಸಿದಳು. "ನಾವು ಏನ್ ಮಾಡಿದ್ರೂ ಮೆದುಳು ಒಂದು ಹೋಲಿಕೆ ಮಾಡ್ತಿರುತ್ತೆ, ದೊಡ್ಡಮ್ಮ. ಅಂದುಕೊಂಡಿದ್ದಕ್ಕಿಂತ ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ ಅಂತ. ಒಳ್ಳೇದಾದ್ರೆ ಒಳಗೆ ಒಂದು ಗಂಟೆ ಬಾರ್ಸುತ್ತೆ. 'ಇದನ್ನ ನೆನಪಿಟ್ಕೋ, ಮತ್ತೆ ಮಾಡು' ಅನ್ನೋ ಗಂಟೆ. ನಿಮ್ಮ ಬಲೂನು ಠಪ್ ಅಂದಾಗ ಬಾರ್ಸೋದು ಅದೇ. ಹದಿಹರೆಯದಲ್ಲಿ ಅದು ತುಂಬ ಜೋರು. ಅದಕ್ಕೇ ಆ ವಯಸ್ನಲ್ಲಿ ಎಲ್ಲಾನೂ ಬೇಗ ಹತ್ತುತ್ತೆ, ಹುಚ್ಚೂ ಸೇರಿ. ಖಿನ್ನತೆ ಬಂದ ಎಷ್ಟೋ ಮಕ್ಕಳಲ್ಲಿ ಆ ಗಂಟೆ ಸದ್ದು ಮಂಕು. ಗೆದ್ರೂ ಏನೂ ಕಲಿಯೋಕಾಗಲ್ಲ. ಸೋತಿದ್ದು ಮಾತ್ರ ಅಚ್ಚೊತ್ತುತ್ತೆ."

"ಎಲ್ಲಾರಿಗೂ ಹೀಗೇನಾ?"

"ಎಲ್ಲಾರಿಗೂ ಅಲ್ಲ. ಯಾರಿಗೆ ಹೀಗೆ, ಯಾಕೆ, ಮತ್ತೆ ಸರಿಹೋಗುತ್ತಾ, ಅದನ್ನೇ ಕೇಳ್ತಿರೋದು ನಾವು. ಗೊತ್ತಿಲ್ಲದ್ದೇ ಜಾಸ್ತಿ."

ಲಮ್ಯಾಯ್ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ನನ್ನ ಮಗಳು ಶಾಲೇಲಿ ಒಂದು ಸಲ ರೇಡಿಯೋ ಮಾಡಿದ್ಲು. ತಂತಿ, ಡಬ್ಬಿ, ಏನೇನೋ ಸೇರ್ಸಿ. ಜಿಲ್ಲೆಗೇ ಎರಡನೇ ಬಹುಮಾನ. ಆ ಪ್ರಶಸ್ತಿ ಪತ್ರ ಬಸ್ಸಲ್ಲಿ ಬಿಟ್ಟು ಬಂದ್ಲು. ಬಾಯಿಗೆ ಬಂದ ಹಾಗೆ ಬೈದೆ. ಅವಳೂ ಹೀಗೇ ತಲೆ ಆಡಿಸಿದ್ಲು ಡಾಕ್ಟ್ರೇ. ಹೀಗೇ."

"ಈಗ ಹೇಗಿದ್ದಾಳೆ?"

"ಈಗ ಚೆನ್ನಾಗಿದ್ದಾಳೆ. ಫ್ಯಾನು, ಅನ್ನದ ಕುಕ್ಕರು ರಿಪೇರಿ ಮಾಡ್ತಾಳೆ. ನಗ್ತಾಳೆ. ನನ್ನ ಆಡ್ಕೊಂಡು ನಗ್ತಾಳೆ."

"ಹಾಗಾದ್ರೆ ಅವಳನ್ನೇ ಹೋಗಿ ಕೇಳಿ. ನನಗಿಂತ ಚೆನ್ನಾಗಿ ಹೇಳ್ತಾಳೆ."

ಭಾನುವಾರ ಬೆಳಗಿನ ರೈಲು ಹತ್ತಿ ಲಮ್ಯಾಯ್ ಬಾನ್ ಫಾಯ್‌ಗೆ ಹೋದಳು. ಮುಕ್ಕಾಲು ಗಂಟೆಯ ದಾರಿ. ಅಷ್ಟು ಹೊತ್ತೂ ಮಾತು ಜೋಡಿಸಿದಳು, ಇಳಿಯುವಾಗ ಎಲ್ಲ ಮರೆತಿದ್ದಳು. ಕೇವ್ ಅಂಗಡಿಯ ಮುಂದೆ ಮುಕ್ಕಾಲಿಯ ಮೇಲೆ ಕೂತು ಒಂದು ಹಳೆಯ ಫ್ಯಾನಿನ ಹೊಟ್ಟೆ ಬಗೆಯುತ್ತಿದ್ದಳು. ಮೂವತ್ತೊಂದು ವರ್ಷ, ಮೊಣಕೈವರೆಗೆ ಗ್ರೀಸು. ಗಂಡ ಮೀನು ಹಿಡಿಯಲು ಹೋಗಿದ್ದ.

"ಏನಮ್ಮಾ, ಹೇಳದೆ ಕೇಳದೆ? ಕೆಲಸದಿಂದ ಓಡಿಸಿದ್ರಾ?"

"ಇನ್ನೂ ಇಲ್ಲ."

"ಹಾಗಾದ್ರೆ ಆ ಸ್ಕ್ರೂ ಹಿಡ್ಕೋ. ಬೀಳಿಸ್ಬೇಡ."

ಲಮ್ಯಾಯ್ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ, ಪೀಠಿಕೆಯಿಲ್ಲದೆ ಹೇಳಿಬಿಟ್ಟಳು: "ನೀನು ಮಲಗಿರ್ತಿದ್ದೆಯಲ್ಲ, ಆ ಕಾಲದಲ್ಲಿ. ಅದು ಕಾಯಿಲೆ. ನನಗ್ ಗೊತ್ತಾಗ್ಲಿಲ್ಲ. ರೇಡಿಯೋ ಪ್ರಶಸ್ತಿಗೆ ಅಷ್ಟೊಂದು ಬೈದೆ."

ಕೇವ್ ತಲೆಯೆತ್ತಿ ನೋಡಿದಳು. "ಪ್ರಶಸ್ತೀನಾ? ಅದು ನನಗ್ ನೆನಪೇ ಇಲ್ಲ ಕಣಮ್ಮಾ."

"ಅಷ್ಟು ಬೈದಿದ್ದೆ!"

"ನೀನು ದಿನಾ ಬೈತಿದ್ದೆ. ಯಾವ್ದು ಅಂತ ನೆನಪಿಟ್ಕೊಳ್ಳಿ?" ಅವಳು ಮತ್ತೆ ಫ್ಯಾನಿಗೆ ಬಗ್ಗಿದಳು. ಸ್ವಲ್ಪ ಹೊತ್ತು ಕೈ ಆಡಿಸಿ, ನಿಲ್ಲಿಸಿ, ಬೇರೆಯೇ ದನಿಯಲ್ಲಿ ಹೇಳಿದಳು: "ಮನೇಲಿ ಬೈದಿದ್ದು ಹೋಗ್ಲಿ. ಸಂತೇಲಿ ಎಲ್ಲಾರಿಗೂ ಹೇಳ್ತಿದ್ದೆಯಲ್ಲ. ಒಂದು ದಿನ ನಿನಗೆ ಊಟ ತಂದು ಕೊಡೋಣ ಅಂತ ಎದ್ದು ಬಂದೆ. ತಲೆ ಸ್ನಾನ ಮಾಡ್ಕೊಂಡು, ಬಟ್ಟೆ ಹಾಕ್ಕೊಂಡು, ಅಷ್ಟಕ್ಕೇ ನನಗೆ ಅರ್ಧ ದಿನ ಹಿಡಿದಿತ್ತು. ಆ ಸಾಸೇಜಿನ ಬುನ್ಮಾ ನನ್ನ ನೋಡಿ ನಕ್ಕು, 'ಓ, ಸೋಮಾರಿ ಎದ್ದು ಬಂದ್ಲಾ' ಅಂದ್ಲು. ನೀನೂ ನಕ್ಕೆ. ಅದು ನೆನಪಿದೆ."

ಲಮ್ಯಾಯ್‌ಗೆ ಆ ದಿನದ ನೆನಪು ಕಿಂಚಿತ್ತೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

"ತಪ್ಪಾಯ್ತು ಮಗಾ," ಎಂದಳು.

"ಹ್ಞೂಂ," ಎಂದಳು ಕೇವ್. ಆಮೇಲೆ, "ಹ್ಞೂಂ. ಆಯ್ತು" ಎಂದಳು.

ಬೀದಿಯಲ್ಲಿ ಐಸ್‌ಕ್ರೀಮಿನ ಗಾಡಿ ಗಂಟೆಯಾಡಿಸುತ್ತಾ ಹಾದುಹೋಯಿತು. ಲಮ್ಯಾಯ್ ಮೂಗೊರೆಸಿಕೊಂಡು ಕೇಳಿದಳು: "ಹೇಗೆ ಎದ್ದೆ ಮತ್ತೆ? ನಾನ್ ಬೈದಿದ್ದಕ್ಕೇ ಎದ್ದೆ ಅಂದ್ಕೊಂಡಿದ್ದೆ."

ಕೇವ್ ಗಟ್ಟಿಯಾಗಿ ನಕ್ಕಳು. "ನೀನ್ ಬೈದಿದ್ದಕ್ಕೆ ಎದ್ದಿದ್ರೆ ಮೊದಲ್ನೇ ದಿನಾನೇ ಏಳ್ತಿದ್ದೆ. ತಾಂತ್ರಿಕ ಶಾಲೇಲಿ ಒಬ್ರು ಮೇಷ್ಟ್ರಿದ್ರು ನೋಡು. ಮಾತೇ ಆಡ್ತಿರ್ಲಿಲ್ಲ. ದಿನಕ್ಕೊಂದು ಕೆಟ್ಟ ಫ್ಯಾನು ನನ್ನ ಮುಂದೆ ಇಟ್ಟು ಹೋಗೋರು. ಅವ್ರೇನಾದ್ರೂ ಭೇಷ್ ಅಂದಿದ್ರೆ ನಾನು ನಂಬ್ತಿರ್ಲಿಲ್ಲ, ಪಾಪ ಅಂತ ಹೇಳ್ತಿದ್ದಾರೆ ಅಂದ್ಕೋತಿದ್ದೆ. ಆದ್ರೆ ಫ್ಯಾನು ತಿರುಗ್ತಿತ್ತು. ಮುಖಕ್ಕೆ ಗಾಳಿ ಬರ್ತಿತ್ತು. ಅದನ್ ಹೇಗೆ ನಂಬ್ದೇ ಇರೋದು? ಮೊದ್ಲೆಲ್ಲ ಏನೂ ಅನ್ಸ್ತಿರ್ಲಿಲ್ಲ. ಹತ್ತಾಯ್ತು, ಇಪ್ಪತ್ತಾಯ್ತು. ಅದ್ರಿಂದ್ಲೇ ವಾಸಿ ಆಯ್ತು ಅಂತಾನೂ ಹೇಳಲಾರೆ. ಎರಡು ವರ್ಷ ಹಿಡೀತು. ಒಂದು ದಿನ ಊಟಕ್ ಕೂತಾಗ ಅನ್ನ ರುಚಿ ಅನ್ಸ್ತು, ಅಷ್ಟೇ."

ಅಷ್ಟರಲ್ಲಿ ಫ್ಯಾನು ಜೋಡಣೆಯಾಗಿತ್ತು. ಕೇವ್ ಗುಂಡಿ ಒತ್ತಿದಳು. ಅದು ಗರಗರ ಎಂದು ಎರಡು ಸುತ್ತು ತಿರುಗಿ ನಿಂತಿತು. "ಥೂ ದರಿದ್ರದ್ದೇ" ಎಂದು ಅದನ್ನು ಮತ್ತೆ ಬಿಚ್ಚತೊಡಗಿ, "ಒಳಗ್ ಹೋಗಿ ಪರಂಗಿಕಾಯಿ ಕುಟ್ಟಮ್ಮಾ. ಮೆಣಸಿನಕಾಯಿ ಆರು ಹಾಕು, ನಿನ್ನ ಹಾಗೆ ಮೂರು ಹಾಕ್ಬೇಡ" ಎಂದಳು. ಲಮ್ಯಾಯ್ ಒಳಗೆ ಹೋಗಿ ಒರಳಿನ ಮುಂದೆ ಕೂತಳು. ಆ ದಿನದ ಪಚಡಿ ಖಾರವಾಗಿತ್ತು, ಮೀನು ಹಿಡಿದು ಬಂದ ಅಳಿಯನೂ ಸೇರಿ ಮೂವರೂ ಮೂಗು ಸುರಿಸಿಕೊಂಡು ತಿಂದರು. ಸಂಜೆಯ ರೈಲಿನಲ್ಲಿ ಅವಳು ಗಾಢವಾಗಿ ನಿದ್ದೆ ಹೋಗಿ, ಪಕ್ಕದವರು ಎಬ್ಬಿಸಿದ್ದರಿಂದ ಊರಲ್ಲಿ ಇಳಿದಳು.

ಮುಕ್ದಾಳಿಗೆ ಮಾತ್ರೆಯ ಜೊತೆ ವಾರಕ್ಕೊಮ್ಮೆ ಮಾತಿನ ಚಿಕಿತ್ಸೆ ಶುರುವಾಗಿತ್ತು. ಚಿಕಿತ್ಸೆಯೆಂದರೆ ಸಣ್ಣ ಸಣ್ಣ ಕೆಲಸಗಳ ಪಟ್ಟಿ: ಮನಸ್ಸು ಬರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಮಾಡಬೇಕು, ಮಾಡಿದಾಗ ಹೇಗನಿಸಿತು ಎಂದು ಗುರುತು ಹಾಕಬೇಕು. ಅಜ್ಜಿ ರೇಷ್ಮೆ ನೇಯುವವಳು. ಮನೆಯ ಕೆಳಗೆ ಹುಳು ಸಾಕುತ್ತಿದ್ದಳು. ಆದ್ದರಿಂದ ಮುಕ್ದಾಳ ಪಟ್ಟಿಯ ಮೊದಲ ಕೆಲಸ ದಿನಕ್ಕೆ ಮೂರು ಹೊತ್ತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದು.

ಹನ್ನೆರಡು ವಾರ ಕಳೆದ ಮೇಲೆ ಅವಳು ಎರಡನೇ ಸಲ ಟೋಪಿ ತೊಡಲು ಬಂದಳು. ಹೊರಗೆ ಹೊಸ ಮಳೆ. ಈ ಸಲ ಚಿತ್ರಗಳು ಬೇರೆ: ಡೋಲು ಮತ್ತು ಏಣಿ. ಲಮ್ಯಾಯ್ ಮೂಲೆಯಲ್ಲಿ ತನ್ನ ಕುರ್ಚಿಯಲ್ಲಿ ಕೂತಳು. ಏಣಿ, ಖಾಲಿ. ಡೋಲು, ನಕ್ಷತ್ರ. ಡೋಲು, ನಕ್ಷತ್ರ. ಡೋಲು, ಖಾಲಿ. ಹುಡುಗಿಯ ಬೆರಳು ಏಣಿಯ ಕಡೆ ಹೊರಟಿತು. ಅರ್ಧಕ್ಕೇ ನಿಂತಿತು. ಎಷ್ಟೋ ಹೊತ್ತು ಅನಿಸುವಷ್ಟು ನಿಂತು, ಹಿಂದಕ್ಕೆ ಬಂದು ಮತ್ತೆ ಡೋಲನ್ನೇ ಒತ್ತಿತು. ನಕ್ಷತ್ರ. ಲಮ್ಯಾಯ್ ಎರಡೂ ಕೈಗಳಿಂದ ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಅವಳ ಬಾಯಿಂದ ಗಾಳಿ ಕೂಡ ಹೊರಬರಲಿಲ್ಲ.

ಮುಂದೆ ಎಲ್ಲವೂ ಹಾಗೇ ಆಯಿತೆಂದಲ್ಲ. ಕೆಲವು ಸಲ ಒಂದು ಖಾಲಿಗೇ ಬಿಟ್ಟುಕೊಟ್ಟಳು. ಆದರೆ ತಲೆಯಾಡಿಸುವುದು ಕಡಿಮೆಯಾಗಿತ್ತು.

ತಲೆ ತೊಳೆಯುವಾಗ ಹುಡುಗಿಯೇ ಮಾತು ತೆಗೆದಳು. "ಆ ಹುಳುಗಳು ಎಷ್ಟ್ ತಿಂತಾವೆ ಗೊತ್ತಾ ದೊಡ್ಡಮ್ಮ? ಸೊಪ್ಪು ಹಾಕಿದ್ರೆ ಸಾಕು, ಮಳೆ ಬಂದ ಹಾಗೆ ಸದ್ದು. ಮೊದ್ಲು ಅಸಹ್ಯ ಆಗ್ತಿತ್ತು."

"ಈಗ?"

"ಈಗ ತಡ ಆದ್ರೆ ತಲೆ ಎತ್ತಿ ಹುಡುಕ್ತಾವೆ. ಅದಕ್ಕೇ ಎದ್ದು ಹೋಗ್ತೀನಿ."

"ಬೇಜಾರು ಹೋಯ್ತಾ ಮಗಾ?"

ಮುಕ್ದಾ ಯೋಚಿಸಿದಳು. "ಪೂರ್ತಿ ಹೋಗಿಲ್ಲ. ಮಂಗಳವಾರ ಚೆನ್ನಾಗಿತ್ತು."

"ಒಳ್ಳೇ ಮಂಗಳವಾರ," ಎಂದಳು ಲಮ್ಯಾಯ್, ಟವೆಲ್ಲಿನಿಂದ ಅವಳ ತಲೆಯುಜ್ಜುತ್ತಾ. ಮನಸ್ಸಿನಲ್ಲಿದ್ದ ಕೂಗನ್ನೆಲ್ಲ ಆ ಉಜ್ಜುವುದರಲ್ಲೇ ತೀರಿಸಿಕೊಂಡಳು. "ಅಯ್ಯೋ ಮೆಲ್ಲಗೆ, ಕಿವಿ ಕಿತ್ತು ಬರುತ್ತೆ!" ಎಂದು ಹುಡುಗಿ ನಗುತ್ತಾ ತಪ್ಪಿಸಿಕೊಂಡಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಆ ನಗು ಕೇಳಿ ಎದ್ದು ನಿಂತದ್ದು ಬಾಗಿಲ ಗಾಜಿನಿಂದ ಕಾಣಿಸಿತು.

ಆ ಬೆಂಚೇ ಮುಂದೆ ಲಮ್ಯಾಯ್‌ಳ ಇನ್ನೊಂದು ಕೆಲಸವಾಯಿತು. ಮಕ್ಕಳು ಒಳಗಿರುವಾಗ ಅಪ್ಪ ಅಮ್ಮಂದಿರು ಅಲ್ಲಿ ಕಾಯುತ್ತಾರೆ. ತನ್ನ ಸರದಿ ಇಲ್ಲದಾಗ ಅವಳು ಹೋಗಿ ಅವರ ನಡುವೆ ಕೂರುತ್ತಾಳೆ. ಡಾಕ್ಟರ್ ಆರಯಾ ಇದಕ್ಕೆ ಬೇಡ ಎನ್ನಲಿಲ್ಲ. ಒಳಗಿನ ಆಟದ ವಿಷಯ ಮಾತ್ರ ಎತ್ತಬಾರದು ಎಂದಳು.

ಕಬ್ಬಿನ ಲಾರಿ ಓಡಿಸುವ ಒಬ್ಬಾತ ಒಮ್ಮೆ ಮಗನನ್ನು ಒಳಗೆ ಬಿಟ್ಟು ಬಂದು, ಅವಳ ಪಕ್ಕದಲ್ಲಿ ಧೊಪ್ಪನೆ ಕೂತ. "ಏನ್ ಕಾಯಿಲೇನೋ. ನಮ್ಮ ಕಾಲದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ರು. ಹೊಸ ಬೈಕ್ ಕೊಡಿಸ್ದೆ ಕಣಮ್ಮಾ, ಇರೋನು ಒಬ್ನೇ ಮಗ ಅಂತ ಸಾಲ ಮಾಡಿ. ಒಂದ್ ಸಲ ಹತ್ತಿ ನೋಡ್ಲಿಲ್ಲ."

"ನನ್ನ ಮಗಳನ್ನೂ ಸೋಮಾರಿ ಅಂತಿದ್ದೋಳು ನಾನೇ," ಎಂದಳು ಲಮ್ಯಾಯ್. "ಒಂದೂವರೆ ವರ್ಷ. ಇಡೀ ಸಂತೆಗೆ ಕೇಳೋ ಹಾಗೆ."

ಲಾರಿಯವನು ಅವಳತ್ತ ತಿರುಗಿ ನೋಡಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ತನ್ನ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ. ಫ್ಯಾನಿನ ಮೇಷ್ಟ್ರ ವಿಷಯ ಹೇಳುವಾಗ ಅವನು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ಕೇಳಿದ.

"ಬೈಕು ಅವನಿಗೆ ಬೇಡ ಅಂತಲ್ಲ ಕಣಪ್ಪಾ. ಬೈಕು ಬಂದ್ರೂ ಒಳಗೆ ಏನೂ ಆಗಲ್ಲ, ಅದೇ ಅವನಿಗೆ ಕಷ್ಟ. ನಿನ್ನ ಮುಖ ನೋಡಿ ಇನ್ನೂ ಕಷ್ಟ."

"ಮತ್ತೆ ಏನ್ ಮಾಡ್ಲಿ?"

"ಅದನ್ನ ಡಾಕ್ಟ್ರು ಹೇಳ್ತಾರೆ. ನಾನ್ ಬಲೂನ್ ಮಾರ್ತಿದ್ದೋಳು. ಆದ್ರೆ ಇವತ್ತು ಹೊರಗ್ ಬಂದಾಗ ಹೇಗಾಯ್ತು, ಗೆದ್ದಾ ಸೋತಾ ಅಂತ ಕೇಳ್ಬೇಡ."

ಬಾಗಿಲು ತೆರೆಯಿತು. ಹುಡುಗ ಒದ್ದೆ ತಲೆಯಲ್ಲಿ ಹೊರಬಂದು, ಅಪ್ಪನ ಮುಖ ನೋಡದೆ ನಿಂತ. ಲಾರಿಯವನು ಎದ್ದ. ಬಾಯಿ ತೆರೆದ, ಮುಚ್ಚಿದ, ಪ್ಯಾಂಟಿಗೆ ಕೈ ಒರೆಸಿಕೊಂಡ.

"ನೂಡಲ್ಸ್ ತಿನ್ನೋಣ್ವಾ?" ಎಂದ ಕೊನೆಗೆ.

ಹುಡುಗ ಭುಜ ಕುಣಿಸಿದ. ಬೇಡ ಎನ್ನಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ಹೋದರು. ಲಮ್ಯಾಯ್ ಸೊಂಟ ಹಿಡಿದುಕೊಂಡು ಎದ್ದು, ಮುಂದಿನ ಮಗುವಿಗೆ ನೀರು ಕಾಯಿಸಲು ಒಳಗೆ ಹೋದಳು.